ತೋಳಿನ ಸವಕಳಿ

(ಯಾದಗಿರಿಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಸಂಘದ ವರ್ಗಣಿ ಕೂಡಿಸಲು ನಾವು ಸುರಪುರಕ್ಕೆ ಹೋಗಿದ್ದೆವು. ಸಂಜೆ ಒಂದು ಗರಡಿಯ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರೊಡನೆ ಮಾತಾಡುತ್ತಿದ್ದೆವು. ಹತ್ತಿ ಗಿರಣಿಯಲ್ಲಿ ದುಡಿಯುವ ಒಬ್ಬ ತರುಣ ಆಗ ತಾನೇ ಸಾಮು ಮುಗಿಸಿ ಹೊರಗೆ ಬಂದ. ಮೈಗೆ ಹತ್ತಿದ ಕೆಮ್ಮಣ್ಣನ್ನು ಒರೆಸಿಕೊಳ್ಳುತ್ತ ನಮ್ಮ ಕೈಯಲ್ಲಿದ್ದ ರಸೀದಿ ಪುಸ್ತಕವನ್ನು ನೋಡಿದ. “ಮಾಸ್ತರ್ರ, ರಟ್ಟಿಯೊಳಗ ಕಸುವು ಇಲ್ಲದವಂಗ ಸಂಘ ಬೇಕ್ರಿ. ನನಗ್ಯಾಕ?” ಎಂದ.

ಅವನು ಕುಚೇಷ್ಟೆಗೆ ಕೇಳಿದ್ದಲ್ಲ. ಅವನ ತೋಳು ನೋಡಿದವರಿಗೆ ಆ ಮಾತು ನಿಜವೆಂದೇ ತೋರುತ್ತಿತ್ತು. ಎರಡು ಆಳು ಎತ್ತುವ ಅಂಡಿಗೆಯನ್ನು ಒಬ್ಬನೇ ಎತ್ತುವ ಹುಡುಗ. ಮಾಲೀಕನೂ ಅವನನ್ನು ಮರ್ಯಾದೆಯಿಂದ ಮಾತಾಡಿಸುತ್ತಾನೆ. ಅಂಥವನಿಗೆ ನಾವು ಅಲ್ಲಿ ಸರಿಯಾದ ಉತ್ತರ ಕೊಡಲಿಲ್ಲ. ಸಂಘದಲ್ಲಿ ಬಲವಿದೆ, ಒಗ್ಗಟ್ಟಿನಲ್ಲಿ ಗೆಲುವಿದೆ ಎಂದು ಯಾವಾಗಲೂ ಹೇಳುವ ನಾಲ್ಕು ಮಾತು ಹೇಳಿ ಎದ್ದು ಬಂದೆವು. ಬಸ್ಸಿನಲ್ಲಿ ಕುಳಿತ ಮೇಲೆ ನಮಗೇ ನಾಚಿಕೆಯಾಯಿತು. ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗ ಕೇಳಿದ ಪ್ರಶ್ನೆಗೆ ಹೀಗೆ ಹಾರಿಕೆಯ ಉತ್ತರ ಕೊಟ್ಟಿದ್ದರೆ ನಾವು ಮಾಸ್ತರರೆನಿಸಿಕೊಳ್ಳುತ್ತಿರಲಿಲ್ಲ.

ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಸಭೆಯಲ್ಲಿ ಹೇಳುತ್ತೇವೆ. ಅವನೂ ಹಿಂದಿನ ಸಾಲಿನಲ್ಲಿ ಬಂದು ಕುಳಿತಿದ್ದಾನೆ. ಸಂತೋಷ.

ಕಸುವಿಲ್ಲದವನ ಕಥೆ ಹೇಳಿದರೆ ಉತ್ತರವಾಗದು. ಕಸುವಿದ್ದವನ, ಗೆದ್ದವನ ಕಥೆಯನ್ನೇ ಹೇಳಬೇಕು. ಗಾಮಾ ಪೈಲವಾನರ ಹೆಸರು ನಿಮಗೆಲ್ಲ ಗೊತ್ತು. ೧೯೧೦ರಲ್ಲಿ ಅವರು ಲಂಡನ್ನಿಗೆ ಹೋಗಿ ಪೋಲೆಂಡಿನ ಜ್ಬಿಸ್ಕೋನೊಡನೆ ಸೆಣಸಿದರು. ೧೯೨೮ರಲ್ಲಿ ಪಟಿಯಾಲದ ಕಣದಲ್ಲಿ ಅದೇ ಜ್ಬಿಸ್ಕೋನನ್ನು ಒಂದು ನಿಮಿಷದೊಳಗೆ ಚಿತ್ತು ಮಾಡಿದರು. ಆದರೆ ಗಾಮಾ ಅವರ ಹಿಂದೆ ಅರಸರಿದ್ದರು. ಹಾಲು, ತುಪ್ಪ, ಬಾದಾಮಿ ಅರಮನೆಯಿಂದ ಬರುತ್ತಿತ್ತು. ಅರಸೊತ್ತಿಗೆ ಹೋಯಿತು, ದೇಶ ಎರಡಾಯಿತು, ಆ ಮಹಾಮಲ್ಲರ ಕೊನೆಗಾಲ ಲಾಹೋರಿನಲ್ಲಿ ಕಷ್ಟದಲ್ಲಿ ಕಳೆಯಿತು. ೧೯೬೦ರಲ್ಲಿ ಅವರು ತೀರಿಕೊಂಡರು. ಅರಸನ ಆಶ್ರಯ ಅರಸ ಇರುವ ತನಕ. ಅದು ಒಂದು ಪಾಠ. ಆದರೆ ನಮಗೆ ನಿಮಗೆ ಯಾವ ಅರಸನೂ ಇಲ್ಲ. ಆದ್ದರಿಂದ ಅರಸನಿಲ್ಲದ, ಕೂಲಿಕಾರನ ಮಗನಾದ ಒಬ್ಬ ಮಲ್ಲನ ಕಥೆ ಹೇಳುತ್ತೇವೆ. ಅವನು ಅಮೆರಿಕದವನು. ಹೆಸರು ಬೆನ್ನಿ ಲಿಯೊನಾರ್ಡ್. ಕುಸ್ತಿಯವನಲ್ಲ, ಮುಷ್ಟಿಯುದ್ಧದವನು.

ಮುಷ್ಟಿಯುದ್ಧವೆಂದರೆ ಹಗ್ಗ ಕಟ್ಟಿದ ಚೌಕದಲ್ಲಿ ಇಬ್ಬರು ಕೈಗವಸು ಹಾಕಿಕೊಂಡು ಗುದ್ದಾಡುವುದು. ಮೂರು ನಿಮಿಷಕ್ಕೊಂದು ಸುತ್ತು, ನಡುವೆ ಒಂದು ನಿಮಿಷ ಬಿಡುವು. ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋತ. ತೂಕಕ್ಕೆ ತಕ್ಕಂತೆ ವರ್ಗಗಳಿವೆ. ಲಿಯೊನಾರ್ಡ್ ಹಗುರ ವರ್ಗದವನು, ಎಂದರೆ ೧೩೫ ಪೌಂಡಿನ ಒಳಗೆ, ನಮ್ಮ ಲೆಕ್ಕದಲ್ಲಿ ಸುಮಾರು ೬೧ ಕಿಲೋ. ಈ ಸಭೆಯಲ್ಲಿ ಕುಳಿತ ಅರ್ಧ ಜನರ ತೂಕ ಅಷ್ಟೇ ಇದ್ದೀತು. ದೈತ್ಯನೇನಲ್ಲ, ನಮ್ಮಂಥ ಆಳು.

ಅವನು ಹುಟ್ಟಿದ್ದು ೧೮೯೬ರಲ್ಲಿ, ನ್ಯೂಯಾರ್ಕ್ ಪಟ್ಟಣದ ಪೂರ್ವ ಭಾಗದ ಬಡವರ ಕೇರಿಯಲ್ಲಿ. ನಿಜವಾದ ಹೆಸರು ಬೆಂಜಮಿನ್ ಲೈನರ್. ಯಹೂದಿ ಮನೆತನ. ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿ ಯಹೂದಿಗಳ ಮನೆಗಳಿಗೆ ಬೆಂಕಿ ಹಚ್ಚಿ ಲೂಟಿ ಮಾಡುತ್ತಿದ್ದ ಕಾಲ ಅದು. ಲಕ್ಷಾಂತರ ಜನ ಗಂಟು ಮೂಟೆ ಕಟ್ಟಿ ಹಡಗು ಹತ್ತಿದರು. ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೋಗುವುದಿಲ್ಲವೇ? ಹಾಗೆಯೇ. ಆದರೆ ಅವರಿಗೆ ಹಬ್ಬಕ್ಕೆ ಮರಳಿ ಬರಲು ಊರು ಉಳಿದಿರಲಿಲ್ಲ.

ಹೋದಲ್ಲಿ ಸಿಕ್ಕಿದ್ದು ಹೊಲಿಗೆಯ ಕೆಲಸ. ದೊಡ್ಡ ವ್ಯಾಪಾರಿ ಗುತ್ತೇದಾರನಿಗೆ ಬಟ್ಟೆ ಕೊಡುತ್ತಾನೆ, ಗುತ್ತೇದಾರ ಚಿಕ್ಕ ಗುತ್ತೇದಾರನಿಗೆ ಕೊಡುತ್ತಾನೆ, ಅವನು ಒಂದು ಕತ್ತಲೆ ಕೋಣೆಯಲ್ಲಿ ಹತ್ತಿಪ್ಪತ್ತು ಜನರನ್ನು ಕೂಡಿಸಿ ಹೊಲಿಸುತ್ತಾನೆ. ದಿನಗೂಲಿ ಇಲ್ಲ, ನಗಕ್ಕೆ ಇಷ್ಟು ಎಂದು ಕೂಲಿ. ಎಲ್ಲರ ಪಾಲು ಕಳೆದು ಉಳಿದದ್ದು ಹೊಲಿದವನಿಗೆ. ಬೆನ್ನಿಯ ತಂದೆ ಅಂಥ ಹೊಲಿಗೆ ಕೋಣೆಯ ಕೂಲಿಕಾರ. ಮನೆಯಲ್ಲಿ ಮಕ್ಕಳು ಬಹಳ. ಕೇರಿಯ ಹತ್ತಿರ ಒಂದು ಸಾರ್ವಜನಿಕ ಸ್ನಾನಗೃಹ. ಮನೆಯಲ್ಲಿ ನೀರಿನ ಅನುಕೂಲವಿಲ್ಲದ್ದರಿಂದ ಐರಿಷ್, ಇಟಾಲಿಯನ್, ಯಹೂದಿ ಎನ್ನದೆ ಎಲ್ಲ ಹುಡುಗರೂ ಅಲ್ಲಿಗೇ ಬರಬೇಕು. ಒಂದು ಓಣಿಯವರು ಇನ್ನೊಂದು ಓಣಿಯವರನ್ನು ಹೊಡೆಯದೆ ಬಿಡುತ್ತಿರಲಿಲ್ಲ. ಬೆನ್ನಿ ಗುದ್ದಾಟ ಕಲಿತದ್ದು ಆ ಬೀದಿಯಲ್ಲಿ.

೧೯೧೧ರಲ್ಲಿ, ಹದಿನೈದನೆಯ ವಯಸ್ಸಿಗೆ, ಅವನು ಮೊದಲ ಬಾರಿ ಹಣಕ್ಕಾಗಿ ಕಣಕ್ಕಿಳಿದ. ಸೋತ. ತಂದೆತಾಯಿಗೆ ತಿಳಿಯಬಾರದೆಂದು ಲೈನರ್ ಎಂಬ ಮನೆತನದ ಹೆಸರು ಬಿಟ್ಟು ಲಿಯೊನಾರ್ಡ್ ಎಂದು ಇಟ್ಟುಕೊಂಡಿದ್ದ. ಆದರೆ ಹೆಸರು ಬದಲಿಸಬಹುದು, ಬಾತ ಕಣ್ಣನ್ನು ಎಲ್ಲಿ ಮುಚ್ಚುವುದು? ಒಂದು ರಾತ್ರಿ ಕಣ್ಣು ಕಪ್ಪಾಗಿಸಿಕೊಂಡು ಮನೆಗೆ ಬಂದ. ತಾಯಿ ಅತ್ತಳು, ತಂದೆ ಕುಲಕ್ಕೆ ಕಳಂಕ ಬಂತೆಂದು ಬೈದ. ಮಗ ಜೇಬಿನಿಂದ ಇಪ್ಪತ್ತು ಡಾಲರು ತೆಗೆದು ಮೇಜಿನ ಮೇಲಿಟ್ಟ. ತಂದೆ ಅದನ್ನು ನೋಡಿ ಸುಮ್ಮನಾದ, ಆಮೇಲೆ ಮುಂದಿನ ಪಂದ್ಯ ಯಾವಾಗ ಎಂದು ಕೇಳಿದ. ಹೀಗೊಂದು ಕಥೆ ಹೇಳುತ್ತಾರೆ. ಕೇಳಿದವರೆಲ್ಲ ನಗುತ್ತಾರೆ. ನೀವೂ ನಕ್ಕಿರಿ. ಆದರೆ ಆ ತಂದೆಯ ಸ್ಥಾನದಲ್ಲಿ ನಿಂತು ನೋಡಿ. ಕಣ್ಣು ಕಳೆದುಕೊಳ್ಳುವಷ್ಟು ಹೊಲಿದರೂ ಬಾರದ ರೊಕ್ಕ ಮಗನ ಕಣ್ಣಿಗೆ ಪೆಟ್ಟು ಬಿದ್ದು ಬಂತು. ಬೇಡವೆನ್ನುವ ಶಕ್ತಿ ಆ ಮನೆಗೆ ಇರಲಿಲ್ಲ.

ಈಗ ಅದೇ ಊರಿನ, ಅದೇ ಹೊಲಿಗೆಯವರ ಇನ್ನೊಂದು ಸಂಗತಿ ಹೇಳಬೇಕು. ೧೯೦೯ರ ನವೆಂಬರ್ ೨೨ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಹೊಲಿಗೆ ಕಾರ್ಮಿಕರ ದೊಡ್ಡ ಸಭೆ. ಮುಖಂಡರು ಒಬ್ಬರ ಮೇಲೊಬ್ಬರು ಗಂಟೆಗಟ್ಟಲೆ ಮಾತಾಡಿದರು. ನಮ್ಮ ಮುಖಂಡರ ಹಾಗೆಯೇ ಎನ್ನಿ! ಕೊನೆಗೆ ಕ್ಲಾರಾ ಲೆಮ್ಲಿಕ್ ಎಂಬ ತರುಣಿ, ತಾನೂ ಹೊಲಿಗೆಯವಳೇ, ವೇದಿಕೆ ಹತ್ತಿ ತಮ್ಮ ಯಿಡ್ಡಿಷ್ ಭಾಷೆಯಲ್ಲಿ, ಮಾತು ಸಾಕು, ಎಲ್ಲರೂ ಮುಷ್ಕರ ಹೂಡೋಣ ಎಂದು ಕರೆಕೊಟ್ಟಳು. ಕೆಲವೇ ವಾರಗಳ ಹಿಂದೆ ಬಾಡಿಗೆಯ ರೌಡಿಗಳು ಆಕೆಯನ್ನು ಬೀದಿಯಲ್ಲಿ ಹೊಡೆದು ಪಕ್ಕೆಲುಬು ಮುರಿದಿದ್ದರು. ಆದರೂ ಎದ್ದು ಬಂದಿದ್ದಳು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಎಳೆಯ ಹೆಣ್ಣುಮಕ್ಕಳು, ಕೆಲಸ ನಿಲ್ಲಿಸಿ ಚಳಿಯಲ್ಲಿ ಬೀದಿಗೆ ಬಂದರು. ಬಹಳ ಕಡೆ ಮಾಲೀಕರು ಸಂಘವನ್ನು ಒಪ್ಪಿಕೊಂಡರು. ಒಪ್ಪದ ಕಾರಖಾನೆಗಳಲ್ಲಿ ಟ್ರಯಾಂಗಲ್ ಎಂಬುದು ಒಂದು.

೧೯೧೧ರ ಮಾರ್ಚ್ ೨೫ರಂದು ಆ ಟ್ರಯಾಂಗಲ್ ಕಾರಖಾನೆಗೆ ಬೆಂಕಿ ಬಿತ್ತು. ಕಟ್ಟಡದ ಎಂಟು, ಒಂಬತ್ತು, ಹತ್ತನೆಯ ಮಾಳಿಗೆ. ಒಂದು ಬಾಗಿಲಿಗೆ ಬೀಗ. ಅಗ್ನಿಶಾಮಕರ ಏಣಿ ಅಷ್ಟು ಮೇಲಕ್ಕೆ ಮುಟ್ಟಲಿಲ್ಲ. ಹುಡುಗಿಯರು ಕೈ ಕೈ ಹಿಡಿದು ಕಿಟಕಿಯಿಂದ ಹಾರಿದರು. ೧೪೬ ಜನ ಸತ್ತರು. ಮಾಲೀಕರ ಮೇಲೆ ಮೊಕದ್ದಮೆ ನಡೆಯಿತು, ಆ ವರ್ಷದ ಕೊನೆಗೆ ಅವರು ಬಿಡುಗಡೆಯಾದರು.

ಬೆನ್ನಿ ಹುಟ್ಟಿ ಬೆಳೆದ ಕೇರಿ ಅಲ್ಲಿಂದ ನಡೆದು ಹೋಗುವಷ್ಟು ದೂರ. ಅವನು ಮೊದಲ ಬಾರಿ ಕೈಗವಸು ಹಾಕಿ ಹಣಕ್ಕೆ ಗುದ್ದಾಡಿದ್ದೂ ೧೯೧೧ರಲ್ಲೇ. ಆ ಹೊಲಿಗೆ ಕೋಣೆಯ ಬಡತನದಿಂದ ಹೊರಬೀಳಲು ಎರಡು ದಾರಿಗಳಿದ್ದವು. ಒಂದು, ಒಬ್ಬನೇ ಹೋಗುವ ಮುಷ್ಟಿಯ ದಾರಿ. ಇನ್ನೊಂದು, ಎಲ್ಲರೂ ಕೂಡಿ ಹೋಗುವ ಸಂಘದ ದಾರಿ. ಎರಡೂ ದಾರಿಗಳು ಎಲ್ಲಿಗೆ ಮುಟ್ಟಿದವು ಎಂಬುದನ್ನು ನೋಡೋಣ. ಮುಷ್ಟಿಯ ದಾರಿಯನ್ನು ನಾವು ಹೀಯಾಳಿಸುವುದಿಲ್ಲ. ಅದನ್ನು ಮೊದಲು ಮನಸಾರೆ ಹೊಗಳುತ್ತೇವೆ.

೧೯೧೭ರ ಮೇ ೨೮ರಂದು ನ್ಯೂಯಾರ್ಕಿನಲ್ಲಿ ಲಿಯೊನಾರ್ಡ್ ಹಗುರ ವರ್ಗದ ಜಗಜ್ಜೇತ ಫ್ರೆಡ್ಡಿ ವೆಲ್ಷ್‌ನನ್ನು ಒಂಬತ್ತನೆಯ ಸುತ್ತಿನಲ್ಲಿ ಸೋಲಿಸಿದ. ವೆಲ್ಷ್ ಬ್ರಿಟನ್ನಿನ ವೇಲ್ಸ್ ಪ್ರಾಂತದವನು, ಕಲ್ಲಿದ್ದಲು ಗಣಿಗಳ ಸೀಮೆಯವನು. ಅಂದಿನ ಕಾಯಿದೆಯಂತೆ ನ್ಯೂಯಾರ್ಕಿನಲ್ಲಿ ಪಂದ್ಯಕ್ಕೆ ತೀರ್ಪುಗಾರ ಗೆಲುವು ಸೋಲು ಹೇಳುವಂತಿರಲಿಲ್ಲ. ಆದ್ದರಿಂದ ಜಗಜ್ಜೇತನ ಪಟ್ಟ ಕಸಿಯಬೇಕಾದರೆ ಅವನನ್ನು ನೆಲಕ್ಕೆ ಕೆಡವಿ ಹೋರಾಟ ಮುಗಿಸಲೇಬೇಕಿತ್ತು. ಆ ಇಪ್ಪತ್ತೊಂದು ವರ್ಷದ ಹುಡುಗ ಅದನ್ನೇ ಮಾಡಿದ. ಮುಂದೆ ಏಳೂವರೆ ವರ್ಷ ಆ ಪಟ್ಟವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಅವನದು ಹೋರಿಯಂತೆ ನುಗ್ಗುವ ಯುದ್ಧವಲ್ಲ. ತಲೆಯಿಂದ ಮಾಡುವ ಯುದ್ಧ. ಎದುರಾಳಿಯ ಹೆಜ್ಜೆ ನೋಡಿ ಅವನ ಕೈ ಎಲ್ಲಿಂದ ಬರುತ್ತದೆಂದು ಮೊದಲೇ ಅಳೆಯುತ್ತಿದ್ದ. ಕೂದಲಿಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿಕೊಂಡು ಕಣಕ್ಕೆ ಬರುವುದು, ಪಂದ್ಯ ಮುಗಿದಾಗ ಬೈತಲೆ ಕೆಡದೆ ಹೊರಗೆ ಹೋಗುವುದು ಅವನ ಹೆಮ್ಮೆ. ೧೯೨೦ರಲ್ಲಿ ಚಾರ್ಲಿ ವೈಟ್ ಎಂಬವನು ಗುದ್ದಿದ ಹೊಡೆತಕ್ಕೆ ಲಿಯೊನಾರ್ಡ್ ಹಗ್ಗದ ಆಚೆಗೆ ಹೋಗಿ ಬಿದ್ದ. ಮತ್ತೆ ಒಳಗೆ ಬಂದು ಒಂಬತ್ತನೆಯ ಸುತ್ತಿನಲ್ಲಿ ಆ ವೈಟನನ್ನು ಕೆಡವಿದ. ೧೯೨೧ರ ಜನವರಿಯಲ್ಲಿ ರಿಚಿ ಮಿಚೆಲ್‌ನೊಡನೆ ಪಂದ್ಯ. ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಹಳ್ಳಿಗಳ ಸಹಾಯಾರ್ಥವಾಗಿ ಏರ್ಪಟ್ಟ ಪಂದ್ಯ ಅದು. ಮೊದಲ ಸುತ್ತಿನಲ್ಲೇ ಮಿಚೆಲ್ ಮೂರು ಸಲ ಬಿದ್ದ. ಅದೇ ಸುತ್ತಿನಲ್ಲಿ ಎದ್ದು ಲಿಯೊನಾರ್ಡನನ್ನೂ ಕೆಡವಿದ. ಕಾಲಲ್ಲಿ ಕಸುವಿಲ್ಲ, ಕಣ್ಣಿಗೆ ಕತ್ತಲೆ. ಅಂಥ ಹೊತ್ತಿನಲ್ಲಿ ಲಿಯೊನಾರ್ಡ್ ಹಿಂದೆ ಸರಿಯದೆ, ಬಾ ಬಾ ಎಂದು ಕೈಬೀಸಿ ಕರೆದ. ಇವನಲ್ಲಿ ಇನ್ನೂ ಏನೋ ಮಸಲತ್ತಿದೆ ಎಂದು ಮಿಚೆಲ್ ಅನುಮಾನಿಸಿದ. ಅಷ್ಟರಲ್ಲಿ ಸುತ್ತು ಮುಗಿಯಿತು. ಆರನೆಯ ಸುತ್ತಿನಲ್ಲಿ ಲಿಯೊನಾರ್ಡ್ ಗೆದ್ದ. ನಮ್ಮ ಉಸ್ತಾದರು ಹೇಳುವುದೂ ಇದನ್ನೇ: ಡಾವು ಅರ್ಧ, ಧೈರ್ಯ ಅರ್ಧ.

೧೯೨೩ರ ಜುಲೈನಲ್ಲಿ ಲ್ಯೂ ಟೆಂಡ್ಲರ್ ಎಂಬ ಎಡಗೈಯವನೊಡನೆ ನ್ಯೂಯಾರ್ಕಿನ ಹೊಸ ಯಾಂಕೀ ಕ್ರೀಡಾಂಗಣದಲ್ಲಿ ಹದಿನೈದು ಸುತ್ತು ಕಾದಾಡಿ ಗೆದ್ದಾಗ ನೋಡಲು ಬಂದವರು ೫೦,೦೦೦ಕ್ಕೂ ಹೆಚ್ಚು ಜನ. ಮೈಲಾಪುರದ ಜಾತ್ರೆ ನೆನೆಸಿಕೊಳ್ಳಿ, ಅಂಥ ಜನ. ಎಲ್ಲರೂ ಟಿಕೇಟು ಕೊಂಡವರು.

ಟಿಕೇಟು ಹೇಗೆ ಮಾರುತ್ತಿದ್ದರು ಎಂಬುದನ್ನೂ ತಿಳಿಯಬೇಕು. ಪಂದ್ಯ ಕಟ್ಟುವ ಧಣಿಗಳಿಗೆ ಆ ಕೇರಿಗಳ ಜಗಳವೇ ಬಂಡವಾಳ. ಇವನು ಯಹೂದಿ, ಅವನು ಐರಿಷ್, ಮತ್ತೊಬ್ಬ ಇಟಾಲಿಯನ್ ಎಂದು ಹೆಸರು ಹೇಳಿಯೇ ಜನರನ್ನು ಸೆಳೆಯುತ್ತಿದ್ದರು. ಹಗಲೆಲ್ಲ ಒಂದೇ ಬಗೆಯ ಕೂಲಿ ಮಾಡಿ ಬಂದ ಬಡವರು ರಾತ್ರಿ ತಮ್ಮ ತಮ್ಮ ಜಾತಿಯವನ ಪರವಾಗಿ ಕೂಗಲು ಕೈಯಲ್ಲಿದ್ದ ರೊಕ್ಕ ಕೊಡುತ್ತಿದ್ದರು. ಪೆಟ್ಟು ತಿಂದವರು ಇಬ್ಬರು ಬಡವರ ಮಕ್ಕಳು, ಪೆಟ್ಟಿಗೆ ತುಂಬಿದ್ದು ಮೂರನೆಯವನದು. ಗಿರಣಿಯಲ್ಲಿ ಆ ಓಣಿಯವರು ಈ ಓಣಿಯವರು, ಹಿಂದೂ ಮುಸಲ್ಮಾನ, ಊರವರು ಗುಳೆ ಬಂದವರು ಎಂದು ನಮ್ಮನ್ನು ಬೇರೆ ಬೇರೆ ನಿಲ್ಲಿಸಿ ಕೂಲಿ ಇಳಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಥಣಿ ಮೌನೇಶ್ವರರ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಹೋಗುವ ನಾಡಿನವರು ನಾವು. ಗಿರಣಿಯ ಬಾಗಿಲಲ್ಲಿ ಬೇರೆಯಾಗುವುದು ನಮಗೆ ಶೋಭಿಸುವುದಿಲ್ಲ.

ಲಿಯೊನಾರ್ಡ್ ೧೯೨೫ರ ಜನವರಿಯಲ್ಲಿ, ಇನ್ನೂ ಜಗಜ್ಜೇತನಾಗಿರುವಾಗಲೇ, ನಿವೃತ್ತನಾದ. ತಾಯಿ ಬೇಡಿಕೊಂಡಳು, ಮಗ ಒಪ್ಪಿದ. ಇನ್ನೂರರ ಹತ್ತಿರ ಪಂದ್ಯ ಆಡಿಯೂ ಮುಖ ಕೆಡದೆ, ಬುದ್ಧಿ ಮಂಕಾಗದೆ, ಕೈತುಂಬ ಹಣದೊಡನೆ ಹೊರಬಂದ ಮುಷ್ಟಿಮಲ್ಲರು ಎಷ್ಟು ಜನ? ಬೆರಳೆಣಿಕೆ. ಅವನು ಕುಡುಕನಲ್ಲ, ಜೂಜುಕೋರನೆಂದು ಹಾಳಾದವನಲ್ಲ, ತಾಯಿಯ ಮಾತು ಮೀರಿದವನಲ್ಲ. ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದ. ಕಥೆ ಇಲ್ಲಿಗೇ ಮುಗಿದಿದ್ದರೆ ಗರಡಿಯ ಹುಡುಗನ ಮಾತೇ ಗೆಲ್ಲುತ್ತಿತ್ತು, ನಾವು ರಸೀದಿ ಪುಸ್ತಕ ಮಡಚಿಡುತ್ತಿದ್ದೆವು.

ಆದರೆ ಕಥೆ ಮುಗಿಯಲಿಲ್ಲ. ೧೯೨೯ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಇಲ್ಲಿ ಕುಳಿತ ವ್ಯಾಪಾರಿ ಬಂಧುಗಳಿಗೆ ಸಟ್ಟಾ ಎಂದರೆ ಗೊತ್ತು. ಮಾಲು ಕಣ್ಣಿಗೆ ಕಾಣುವುದಿಲ್ಲ, ಧಾರಣೆ ಮಾತ್ರ ಏರುತ್ತದೆ. ಸ್ವಲ್ಪ ಹಣ ಕೈಯಿಂದ ಕೊಟ್ಟು ಉಳಿದದ್ದನ್ನು ಸಾಲ ಮಾಡಿ ಜನ ಷೇರು ಕೊಂಡಿದ್ದರು. ಧಾರಣೆ ಇಳಿಯತೊಡಗಿದಾಗ ಸಾಲ ಕೊಟ್ಟವರು ಕೇಳಿದರು, ಎಲ್ಲರೂ ಒಮ್ಮೆಲೇ ಮಾರಲು ಹೊರಟರು, ಕೊಳ್ಳುವವರೇ ಇಲ್ಲ. ಲಿಯೊನಾರ್ಡನ ಗಳಿಕೆಯ ಬಹುಪಾಲು ಅದರಲ್ಲಿ ಹೋಯಿತು. ಹದಿನಾಲ್ಕು ವರ್ಷ ಮೈಮೇಲೆ ಪೆಟ್ಟು ತಿಂದು ಗಳಿಸಿದ್ದನ್ನು ಒಂದು ಗುದ್ದೂ ಕಾಣದೆ ಕಳೆದುಕೊಂಡ. ಕಣದಲ್ಲಿ ಎದುರಾಳಿಯ ಭುಜ ನೋಡಿ ಹೊಡೆತ ಅಳೆಯುತ್ತಿದ್ದವನಿಗೆ ಈ ಎದುರಾಳಿಯ ಭುಜ ಎಲ್ಲಿದೆ ಎಂದೇ ಗೊತ್ತಿರಲಿಲ್ಲ.

ಆಮೇಲೆ ಏನು ಮಾಡಬೇಕು? ಅವನ ಹತ್ತಿರ ಮಾರುವ ಸರಕು ಒಂದೇ, ತೋಳು. ೧೯೩೧ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಮತ್ತೆ ಕೈಗವಸು ಕಟ್ಟಿಕೊಂಡ. ಎಣ್ಣೆ ಹಚ್ಚಿ ಬಾಚುತ್ತಿದ್ದ ತಲೆಯ ಕೂದಲು ತೆಳ್ಳಗಾಗಿತ್ತು. ಹೊಟ್ಟೆ ಬಂದಿತ್ತು. ಹಗುರ ವರ್ಗದ ತೂಕಕ್ಕೆ ಇಳಿಯಲಾರದೆ ಮೇಲಿನ ವರ್ಗದಲ್ಲಿ ಆಡಿದ. ಒಂದು ವರ್ಷದಲ್ಲಿ ಸುಮಾರು ಇಪ್ಪತ್ತು ಪಂದ್ಯ ಆಡಿದ, ಹೆಚ್ಚಿನವು ಸಾಮಾನ್ಯರೊಡನೆ. ೧೯೩೨ರ ಅಕ್ಟೋಬರ್ ೭ರಂದು ಜಿಮ್ಮಿ ಮೆಕ್ಲಾರ್ನಿನ್ ಎಂಬ ಇಪ್ಪತ್ನಾಲ್ಕರ ತರುಣನ ಮುಂದೆ ನಿಲ್ಲಿಸಿದರು. ಆರನೆಯ ಸುತ್ತಿನಲ್ಲಿ ತೀರ್ಪುಗಾರ ನಡುವೆ ಬಂದು ನಿಲ್ಲಿಸಬೇಕಾಯಿತು. ಎದುರಾಳಿಯ ಕೈ ಬರುವುದು ಅವನ ಕಣ್ಣಿಗೆ ಕಾಣುತ್ತಿತ್ತು. ತಪ್ಪಿಸಿಕೊಳ್ಳಲು ಕಾಲು ಏಳಲಿಲ್ಲ. ಅದೇ ಕೊನೆಯ ಪಂದ್ಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ವ್ಯಾಪಾರಿ ಹಡಗುಗಳ ನಾವಿಕರಿಗೆ ತರಬೇತಿ ಕೊಡುವ ಅಧಿಕಾರಿಯಾಗಿದ್ದ. ಆಮೇಲೆ ಪಂದ್ಯಗಳ ತೀರ್ಪುಗಾರನಾದ. ೧೯೪೭ರ ಏಪ್ರಿಲ್ ೧೮ರ ರಾತ್ರಿ ನ್ಯೂಯಾರ್ಕಿನ ಸೇಂಟ್ ನಿಕೊಲಸ್ ಅಂಗಣದಲ್ಲಿ ಒಂದರ ಹಿಂದೊಂದು ಪಂದ್ಯಕ್ಕೆ ತೀರ್ಪುಗಾರನಾಗಿ ನಿಂತಿದ್ದವನು ಕಣದಲ್ಲೇ ಕುಸಿದು ಬಿದ್ದು ಸತ್ತ. ಐವತ್ತೊಂದು ವರ್ಷ. ಹದಿನೈದಕ್ಕೆ ಹತ್ತಿದ ಆ ಹಗ್ಗದ ಚೌಕದಿಂದ ಜೀವಂತ ಇಳಿಯಲಿಲ್ಲ. ಅವನಿಂದ ಪಟ್ಟ ಕಳೆದುಕೊಂಡ ಫ್ರೆಡ್ಡಿ ವೆಲ್ಷ್‌ನದು ಇನ್ನೂ ಕಷ್ಟದ ಕಥೆ. ಗಳಿಸಿದ್ದನ್ನು ಒಂದು ಆರೋಗ್ಯಧಾಮಕ್ಕೆ ಹಾಕಿ ಕಳೆದುಕೊಂಡು, ೧೯೨೭ರಲ್ಲಿ ನ್ಯೂಯಾರ್ಕಿನ ಒಂದು ಅಗ್ಗದ ಹೋಟೆಲ್ ಕೋಣೆಯಲ್ಲಿ ಒಬ್ಬನೇ ಸತ್ತುಬಿದ್ದಿದ್ದ. ನಲವತ್ತೊಂದು ವರ್ಷ. ಒಬ್ಬ ಗೆದ್ದ ಜಗಜ್ಜೇತ, ಒಬ್ಬ ಸೋತ ಜಗಜ್ಜೇತ.

ಮುಷ್ಟಿಯ ದಾರಿ ಮುಟ್ಟಿದ್ದು ಇಲ್ಲಿಗೆ. ಸಂಘದ ದಾರಿ ಎಲ್ಲಿಗೆ ಮುಟ್ಟಿತು? ೧೯೧೧ರ ಬೆಂಕಿಯ ದಿನ ಬೀದಿಯಲ್ಲಿ ನಿಂತು ಆ ಹುಡುಗಿಯರು ಬೀಳುವುದನ್ನು ಕಣ್ಣಾರೆ ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಹೆಣ್ಣುಮಗಳು ಒಬ್ಬಳು. ಕಾರ್ಮಿಕ ಸಂಘಗಳು ಗದ್ದಲವೆಬ್ಬಿಸಿದ್ದರಿಂದ ಸರಕಾರ ವಿಚಾರಣಾ ಆಯೋಗ ನೇಮಿಸಲೇಬೇಕಾಯಿತು. ಆ ಕೆಲಸದಲ್ಲಿ ಆಕೆ ದುಡಿದಳು. ಬಾಗಿಲಿಗೆ ಬೀಗ ಹಾಕಬಾರದು, ಬೆಂಕಿಗೆ ರಕ್ಷಣೆ ಬೇಕು, ದುಡಿಮೆಯ ಹೊತ್ತಿಗೆ ಮಿತಿ ಬೇಕು ಎಂದು ಒಂದರ ಮೇಲೊಂದು ಕಾಯಿದೆ ಬಂದವು. ೧೯೩೩ರಲ್ಲಿ ಆಕೆಯೇ ಅಮೆರಿಕದ ಕಾರ್ಮಿಕ ಮಂತ್ರಿಯಾದಳು. ೧೯೩೫ರಲ್ಲಿ ಮುಪ್ಪಿನ ಪಿಂಚಣಿಯ ಕಾಯಿದೆ ಬಂತು. ಅದರಲ್ಲಿಯೂ ಹೊಲದ ಕೂಲಿಗಳನ್ನು, ಮನೆಗೆಲಸದವರನ್ನು ಮೊದಲು ಹೊರಗೇ ಬಿಟ್ಟಿದ್ದರು. ಆಮೇಲೆ ಹೋರಾಡಿ ಸೇರಿಸಬೇಕಾಯಿತು. ಸ್ವರ್ಗವೇನೂ ಇಳಿದು ಬರಲಿಲ್ಲ. ಆದರೆ ಹೆಸರು ಯಾರಿಗೂ ನೆನಪಿಲ್ಲದ ಒಬ್ಬ ಹೊಲಿಗೆಯವಳಿಗೆ ಮುದುಕಿಯಾದಾಗ ಪ್ರತಿ ತಿಂಗಳು ಹಣ ಬರುವ ಹಾಗಾಯಿತು. ಷೇರುಪೇಟೆ ಬಿದ್ದರೂ ಆ ಹಣ ಬೀಳುವುದಿಲ್ಲ. ಜಗಜ್ಜೇತನಿಗೆ ತನ್ನ ತೋಳಿನಿಂದ ಕಟ್ಟಿಕೊಳ್ಳಲಾಗದ ಆಸರೆಯನ್ನು ಬಲವಿಲ್ಲದ ಸಾವಿರ ಸಾವಿರ ಕೈಗಳು ಕೂಡಿ ಕಟ್ಟಿದವು.

ಇಲ್ಲಿರುವ ಗುಮಾಸ್ತರನ್ನೂ ಅಂಗಡಿಕಾರರನ್ನೂ ಒಂದು ಮಾತು ಕೇಳುತ್ತೇವೆ. ಗಿರಣಿಯ ಲೆಕ್ಕದ ಪುಸ್ತಕದಲ್ಲಿ ಯಂತ್ರಕ್ಕೆ ವರ್ಷ ವರ್ಷ ಸವಕಳಿ ಬರೆಯುತ್ತೀರಲ್ಲವೇ? ಯಂತ್ರ ಸವೆಯುತ್ತದೆ, ಒಂದು ದಿನ ಹೊಸದು ತರಬೇಕು, ಅದಕ್ಕಾಗಿ ಇಷ್ಟು ಎಂದು ಲಾಭದಿಂದ ತೆಗೆದಿಡುತ್ತೀರಿ. ಅದನ್ನು ಯಾರೂ ಅನ್ಯಾಯವೆನ್ನುವುದಿಲ್ಲ. ಹಾಗಾದರೆ ಆ ಯಂತ್ರಕ್ಕೆ ಹತ್ತಿ ತುಂಬುವ ತೋಳು ಸವೆಯುವುದಿಲ್ಲವೇ? ಅದರ ಸವಕಳಿ ಯಾವ ಪುಟದಲ್ಲಿದೆ? ಭವಿಷ್ಯ ನಿಧಿ ಎಂದರೆ ಮತ್ತೇನೂ ಅಲ್ಲ, ತೋಳಿನ ಸವಕಳಿ. ೧೯೪೮ರಲ್ಲಿ ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ ಬಂತು, ೧೯೫೨ರಲ್ಲಿ ಭವಿಷ್ಯ ನಿಧಿಯ ಕಾಯಿದೆ ಬಂತು. ಅವು ಯಾರ ಭಿಕ್ಷೆಯೂ ಅಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಕಾಯಿದೆ ಇದ್ದೂ ಇಲ್ಲ.

ನಾವು ಕಣ್ಣಾರೆ ಕಂಡದ್ದನ್ನು ಹೇಳಿ ಮುಗಿಸುತ್ತೇವೆ. ಶಹಾಪುರದ ಕಡೆಯ ಒಬ್ಬ ಪೈಲವಾನ ಜಾತ್ರೆಯ ಕಡೇ ಕುಸ್ತಿ ಗೆದ್ದು ಬೆಳ್ಳಿಯ ಕಡಗ ತೊಟ್ಟವನು. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರಲ್ಲಿ ನಾವೂ ಇದ್ದೆವು. ವಯಸ್ಸು ದಾಟಿದ ಮೇಲೆ ಒಂದು ಬೇಳೆ ಗಿರಣಿಯಲ್ಲಿ ಹಮಾಲಿಗೆ ನಿಂತ. ಅವನ ಬಲ ನೋಡಿ ಎಲ್ಲರಿಗಿಂತ ಹೆಚ್ಚು ಚೀಲ ಹೊರಿಸಿದರು, ಅವನೂ ಹೆಮ್ಮೆಯಿಂದ ಹೊತ್ತ. ಸಂಘಕ್ಕೆ ಕರೆದರೆ ನಕ್ಕುಬಿಡುತ್ತಿದ್ದ. ಒಂದು ದಿನ ಲಾರಿಗೆ ಹಾಕಿದ ಹಲಗೆಯ ಮೇಲೆ ಕಾಲು ಜಾರಿ ಚೀಲ ಸಮೇತ ಬಿದ್ದ. ಬೆನ್ನು ಹೋಯಿತು. ಆ ವಾರದ ಕೂಲಿ ಕೈಗೆ ಬಂತು, ಅಷ್ಟೇ. ಹಾಜರಿ ಪುಸ್ತಕದಲ್ಲಿ ಹುಡುಕಿದರೆ ಅವನು ಆ ಗಿರಣಿಯಲ್ಲಿ ಒಂದು ದಿನವೂ ದುಡಿದಿರಲಿಲ್ಲ. ಬೆಳ್ಳಿಯ ಕಡಗ ಒತ್ತೆಗೆ ಹೋಯಿತು. ಅಂಗಡಿಯಲ್ಲಿ ಅದನ್ನು ತೂಗಿ ಬೆಲೆ ಹೇಳಿದರು. ಅವನ ಗೆಲುವಿಗೆ ತೂಕವಿರಲಿಲ್ಲ, ಬೆಳ್ಳಿಗೆ ಇತ್ತು.

ಆಗ ನಾವು ಏನು ಮಾಡಿದೆವು? ಪಟ್ಟಿ ಹಿಡಿದು ಅಂಗಡಿ ಅಂಗಡಿ ತಿರುಗಿ ಚಂದಾ ಕೂಡಿಸಿದೆವು. ಕೊಟ್ಟವರು ಪುಣ್ಯ ಬಂತೆಂದು ತಿಳಿದರು, ಕೂಡಿಸಿದ ನಾವೂ ದೊಡ್ಡ ಕೆಲಸ ಮಾಡಿದೆವೆಂದು ತಿಳಿದೆವು. ಎರಡು ತಿಂಗಳಲ್ಲಿ ಆ ಹಣ ಮುಗಿಯಿತು. ಗಿರಣಿಯ ತಪ್ಪು ಇತ್ತು, ನಿಜ. ಆದರೆ ಅವನು ಬೀಳುವ ಮೊದಲು ಅವನ ಹೆಸರು ಹಾಜರಿಗೆ ಹತ್ತಿಸಲು ನಾವು ಹಟ ಹಿಡಿಯಲಿಲ್ಲ. ಅವನು ನಕ್ಕನೆಂದು ನಾವೂ ಬಿಟ್ಟೆವು. ಆ ತಪ್ಪು ನಮ್ಮದು. ಬಿದ್ದ ಮೇಲೆ ಚಂದಾ ಎತ್ತುವುದಕ್ಕಿಂತ ನಿಂತಿರುವಾಗ ಹೆಸರು ಬರೆಸುವುದು ಹೆಚ್ಚಿನ ಕೆಲಸ.

ಆದ್ದರಿಂದ ಗಿರಣಿಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಾಳೆ ಪಾಳಿಗೆ ಹೋದಾಗ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ ಎಂದು ಕೇಳಿ. ಒಬ್ಬನೇ ಕೇಳಿದರೆ ಹೊರಗೆ ಹಾಕಿಯಾರು. ಹತ್ತು ಜನ ಕೂಡಿ ಕೇಳಿ. ಆ ಹತ್ತರಲ್ಲಿ ಎಲ್ಲರಿಗಿಂತ ಬಲವಾದವನು ಮುಂದೆ ನಿಲ್ಲಲಿ. ಹಮಾಲರ, ಹಂಗಾಮಿ ಕೆಲಸದವರ, ಗುಳೆ ಬಂದವರ ಹೆಸರನ್ನೂ ಕೇಳಿ. ವ್ಯಾ‌ಪಾರಿ ಬಂಧುಗಳಿಗೂ ಒಂದು ಮಾತು. ಸಟ್ಟಾ ಕುಸಿದರೆ ಜಗಜ್ಜೇತನೂ ನಿಲ್ಲಲಿಲ್ಲ, ನಿಮ್ಮ ಗಲ್ಲಾ ನಿಂತೀತೇ? ನಿಮ್ಮ ಉದ್ರಿ ತೀರುವುದು ಕಾರ್ಮಿಕನ ಪಗಾರದಿಂದ. ಅವನ ಮನೆ ನಿಂತರೆ ನಿಮ್ಮ ಅಂಗಡಿ ನಿಂತೀತು. ಈ ಹೋರಾಟದಲ್ಲಿ ನೀವು ನೆರೆಯವರಲ್ಲ, ಪಾಲುದಾರರು.

ಇನ್ನು ಗರಡಿಯ ತಮ್ಮನಿಗೆ. ನಿನ್ನ ಸಾಮು ಬಿಡಬೇಡ. ಮುಂದಿನ ಜಾತ್ರೆಯಲ್ಲಿ ಕಡಗ ಗೆಲ್ಲು, ನಾವೇ ಬಂದು ಹಲಗೆ ಬಡಿಸುತ್ತೇವೆ. ಮಾಲೀಕ ಒಂದು ದಿನ ನಿನ್ನ ತೋಳನ್ನು ಬಾಡಿಗೆಗೆ ಕೇಳಿಯಾನು, ಮುಷ್ಕರದ ಹೊತ್ತಿನಲ್ಲಿ ಬಾಗಿಲಲ್ಲಿ ನಿಲ್ಲು ಎಂದಾನು. ಆಗ ಕ್ಲಾರಾಳ ಪಕ್ಕೆಲುಬು ನೆನೆಸಿಕೋ. ಕಸುವಿಲ್ಲದವನಿಗೆ ಸಂಘ ಬೇಕೆಂದೆಯಲ್ಲ, ಅದು ಸರಿ. ಕಸುವಿದ್ದವನಿಗೂ ಬೇಕು, ಏಕೆಂದರೆ ಅವನಿಂದಲೇ ಹೆಚ್ಚು ಹೊರಿಸುತ್ತಾರೆ, ಅವನ ತೋಳೇ ಮೊದಲು ಸವೆಯುತ್ತದೆ. ಸವೆದ ತೋಳಿನ ಲೆಕ್ಕ ಕೇಳಲು ಇನ್ನೂ ಸವೆಯದ ತೋಳುಗಳೇ ಮುಂದೆ ಬರಬೇಕು.

ರಸೀದಿ ಪುಸ್ತಕ ಇಲ್ಲಿ ಮೇಜಿನ ಮೇಲಿದೆ.